ಮೈಮೇಲಿದ್ದದ್ದು ಲೆಕ್ಕಕ್ಕಿಲ್ಲ

ಕಾಶಿಗೆ ಬಂದವರು ಏನನ್ನಾದರೂ ಬಿಟ್ಟು ಹೋಗಬೇಕು. ಒಂದು ಹಣ್ಣೋ, ಒಂದು ತರಕಾರಿಯೋ; ಗಂಗೆಯಲ್ಲಿ ಸೊಂಟದವರೆಗೆ ನಿಂತು, ಇನ್ನು ಈ ಜನ್ಮದಲ್ಲಿ ಇದನ್ನು ಮುಟ್ಟುವುದಿಲ್ಲ ಎಂದು ಸಂಕಲ್ಪ ಮಾಡಬೇಕು. ಸೋನಾರ್‌ಪುರದ ಹಿಂದಿನ ಗಲ್ಲಿಯಲ್ಲಿರುವ ಶಂಕರನಾರಾಯಣ ಆಚಾರ್ಯರು ಹೀಗೆ ಬಿಡಿಸುವುದರಲ್ಲಿ ಎತ್ತಿದ ಕೈ. ಧಾರವಾಡ, ವಿಜಯಪುರ, ರಾಯಚೂರು ಕಡೆಯ ಯಾತ್ರಿಕರು ಇಳಿಯುವುದು ಅವರ ಮನೆಯಲ್ಲೇ, ಸಂಕಲ್ಪ ಮಾಡಿಸಿಕೊಳ್ಳುವುದೂ ಅವರಿಂದಲೇ. ಒಮ್ಮೆ ಬಾಗಲಕೋಟೆಯ ದೇಸಾಯರೊಬ್ಬರು ಬದನೆಕಾಯಿ ಬಿಡಲು ಹೊರಟು, ಎಣ್ಣೆಗಾಯಿ ನೆನಪಾಗಿ ನೀರಿನಲ್ಲೇ ಗಳಗಳ ಅತ್ತುಬಿಟ್ಟರು. ಆಚಾರ್ಯರು ಅವರ ಕಿವಿಯ ಹತ್ತಿರ ಬಾಗಿ, "ಅಳಬ್ಯಾಡ್ರಿ ರಾಯರ, ಕಿವಿ ಹಣ್ಣು ಬಿಡ್ರಿ. ಅದೂ ಹಣ್ಣ ಅಲ್ಲೇನು? ಶಾಸ್ತ್ರಕ್ಕ ಅಡ್ಡಿಯಿಲ್ಲ" ಎಂದರು. ದೇಸಾಯರು ಅದುವರೆಗೆ ಕಿವಿ ಹಣ್ಣನ್ನು ಕಣ್ಣಿನಿಂದಲೂ ಕಂಡವರಲ್ಲ. ಸಂತೋಷದಿಂದ ಬಿಟ್ಟರು.

ಚಾಪೆಯ ಕೆಳಗೆ ತೂರುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಮ್ಮ ಆಚಾರ್ಯರು ರಂಗೋಲಿಯ ಕೆಳಗೆ ತೂರುವವರು. ಹೊರಗಿನ ಚಹಾ ಅವರಿಗೆ ವರ್ಜ್ಯ. ಆದರೆ ಕುಲ್ಹಡ್‌ನಲ್ಲಿ ಕೊಟ್ಟ ಚಹಾ ವರ್ಜ್ಯವಲ್ಲ. ಅದು ಮಣ್ಣಿನ ಲೋಟ, ಒಮ್ಮೆ ಕುಡಿದು ಒಡೆಯುವಂಥದ್ದು, ಅಲ್ಲಿ ಎಂಜಲಿನ ಪ್ರಶ್ನೆಯೇ ಏಳುವುದಿಲ್ಲ. ಇಷ್ಟು ವಾದಿಸಿ ಕುಡಿದ ಮೇಲೆ ಅದನ್ನು ಒಡೆಯುತ್ತಾರೆಯೇ? ಎಲ್ಲಿಯ ಮಾತು! ತೊಳೆದು ಮನೆಗೆ ತರುತ್ತಾರೆ. "ತುಳಸಿ ಸಸಿ ಹಚ್ಚಲಿಕ್ಕೆ ಬೇಕಾಗ್ತದ."

ಈ 'ಬೇಕಾಗ್ತದ' ಅನ್ನುವ ಒಂದು ಮಾತಿನಿಂದ ಮನೆಯ ಮಹಡಿ ಕೋಣೆ ತುಂಬಿಹೋಗಿತ್ತು. ಕಿಟಕಿ ಗಂಗೆಯ ಕಡೆಗೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಳಕು, ಇಡೀ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಕೋಣೆ ಇಲ್ಲ. ಅದರಲ್ಲಿ ವಾಸವಾಗಿದ್ದದ್ದು ಯಾತ್ರಿಕರು ಮರೆತುಹೋದ ಸಾಮಾನು: ಛತ್ರಿಗಳು, ಮಂಕಿ ಕ್ಯಾಪುಗಳು, ಮುಚ್ಚಳ ಕಳೆದ ಡಬ್ಬಿಗಳು, ಡಬ್ಬಿ ಕಳೆದ ಮುಚ್ಚಳಗಳು, ಬಿಸಿನೀರು ತುಂಬುವ ರಬ್ಬರ್ ಚೀಲ, ಯಾರದೋ ಹಲ್ಲಿನ ಸೆಟ್ಟು, ಮತ್ತೆ ಒಂಟಿ ಚಪ್ಪಲಿಗಳದ್ದೇ ಒಂದು ಗುಡ್ಡೆ. ಒಂಟಿ ಚಪ್ಪಲಿ ಯಾಕ್ರೀ ಎಂದು ಹೆಂಡತಿ ಪದ್ಮಾಬಾಯಿ ಕೇಳಿದರೆ, "ಇನ್ನೊಂದು ಅವರ ಹಂತ್ಯಾಕ ಇರ್ತದಲ್ಲ, ಹುಡುಕ್ಕೋತ ಬಂದ್ರ?" ಅನ್ನುವುದು ಉತ್ತರ. ಒಮ್ಮೆ ನಿಜಕ್ಕೂ ಒಬ್ಬರು ಬಂದಿದ್ದರು. ರಾಯಚೂರಿನ ಮುದುಕಿಯೊಬ್ಬಳು ಎಷ್ಟೋ ವರ್ಷಗಳ ಮೇಲೆ ಬಂದು, ತೀರಿಹೋದ ಗಂಡನ ಕನ್ನಡಕದ ಡಬ್ಬಿ ಇಲ್ಲೇ ಉಳಿದಿತ್ತೇನೋ ಎಂದು ಕೇಳಿದಾಗ, ಆಚಾರ್ಯರು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತಂದುಕೊಟ್ಟಿದ್ದರು. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಅತ್ತಿದ್ದಳು. ಆ ಒಂದು ಡಬ್ಬಿಯ ಬಲದ ಮೇಲೆ ಕೋಣೆ ಇಷ್ಟು ವರ್ಷ ನಿಂತಿತ್ತು.

ಒಬ್ಬಳೇ ಮಗಳು ಮೈತ್ರೇಯಿಯ ದಂಧೆ ಇದಕ್ಕೆ ತದ್ವಿರುದ್ಧ. ಚೀಲ ಹೊತ್ತು ಬೆಟ್ಟ ಹತ್ತಿ ರಾತ್ರಿ ಅಲ್ಲೇ ತಂಗುವವರಿಗಾಗಿ ಅವಳು ಗಾಳಿಪಟದಂಥ ಬಟ್ಟೆಯಲ್ಲಿ ಚೀಲ, ಟೆಂಟು, ರಜಾಯಿ ಹೊಲಿದು ಮಾರುತ್ತಾಳೆ. ಅಲ್ಟ್ರಾಲೈಟ್ ಅಂತ ಅದರ ಹೆಸರು. ಆ ಪಂಥದವರು ಗ್ರಾಂ ಲೆಕ್ಕದಲ್ಲಿ ಬದುಕುವ ಜನ. ಒಂದು ದಿನ ಪದ್ಮಾಬಾಯಿ ಬಚ್ಚಲಲ್ಲಿ ಮಗಳ ಹಲ್ಲುಜ್ಜುವ ಬ್ರಷ್ ಅರ್ಧಕ್ಕೆ ತುಂಡಾಗಿದ್ದನ್ನು ಕಂಡು, ಇಲಿ ಕಡಿದಿದೆ ಎಂದು ಬೋನು ತರಿಸಿದರು. ಕಡಿದದ್ದು ಮಗಳೇ; ಹಿಡಿ ಭಾರವಂತೆ!

ಇಂಥವಳ ಹೊಲಿಗೆ ಮಷೀನು ಇದ್ದದ್ದು ಮೆಟ್ಟಿಲ ಕೆಳಗೆ, ಯಾತ್ರಿಕರು ಕಾಲು ತೊಳೆಯುವ ನಲ್ಲಿಯ ಪಕ್ಕ. ಗುಂಪು ಬಂದಾಗಲೆಲ್ಲ ಮಷೀನು ಎತ್ತಿ ಸರಿಸಬೇಕು, ಹೋದಮೇಲೆ ಮತ್ತೆ ಇಳಿಸಬೇಕು.

"ಅಪ್ಪಾ, ಮ್ಯಾಲಿನ ಕೋಣಿ ನನಗ ಬೇಕು," ಎಂದಳು ಮೈತ್ರೇಯಿ ಒಂದು ದಿನ, ಊಟದ ಹೊತ್ತಿಗೆ.

"ಸಾಮಾನು ಎಲ್ಲಿಡ್ಲಿ?"

"ಬಿಟ್ಟುಬಿಡ್ರಿ. ಊರಿಗೆಲ್ಲಾ ಬಿಡಸ್ತೀರಲ್ಲ."

ಆಚಾರ್ಯರಿಗೆ ರೇಗಿತು. "ಬಿಡೋದು ನನಗ ಕಲಸ್ತೀಯೇನ? ಸನ್ಯಾಸಿಗಳ ಊರಾಗ ಹುಟ್ಟಿದವ ನಾನು. ನಾಕು ಸಾಮಾನಿನಾಗ ಒಂದು ತಿಂಗಳು ಇರಬಲ್ಲೆ!"

ಅಡುಗೆಮನೆಯಲ್ಲಿ ಪದ್ಮಾಬಾಯಿಯವರ ಕೈಯಿಂದ ಸೌಟು ಜಾರಿ ಬಿತ್ತು. ಹಿಂದೆಯೇ ನಗು ಕೇಳಿಸಿತು.

"ತಿಂಗಳು ಬ್ಯಾಡ, ಒಂದು ರಾತ್ರಿ ಇರ್ರಿ ಸಾಕು," ಎಂದಳು ಮಗಳು. "ನನ್ನ ಜೋಡಿ ವಿಂಧ್ಯದ ಗುಡ್ಡಕ್ಕ ಬರ್ರಿ. ಚೀಲ ಐದು ಕಿಲೋ ದಾಟಬಾರ್ದು. ಮನಿಗೆ ಹೊಳ್ಳಿ ಬರೋತನಕ 'ಅದೊಂದು ಇದ್ದಿದ್ರ' ಅಂತ ಒಂದು ಸಲನೂ ಅನ್ನಬಾರ್ದು. ಅಂದ್ರ ಕೋಣಿ ನಂದು. ಅನ್ನಲಿಲ್ಲ ಅಂದ್ರ ನಿಮ್ದು, ಇನ್ನ ಜನ್ಮದಾಗ ಕೇಳೂದಿಲ್ಲ. ಪಕ್ಕಾ."

ಪಂಚರಾಗಿ ದಾನಯ್ಯನವರನ್ನು ಕರೆಸಲಾಯಿತು. ದಾನಯ್ಯನವರು ಜಂಗಮವಾಡಿಯವರು, ಮಠದ ಉಗ್ರಾಣ ನೋಡಿಕೊಂಡಿದ್ದು ಈಗ ಆರಾಮಾಗಿರುವವರು, ದಿನಾ ಸಂಜೆ ಆಚಾರ್ಯರ ಜೊತೆ ಕುಲ್ಹಡ್ ಚಹಾ ಕುಡಿಯುವ ಗೆಳೆಯ. ತಂದೆಗೂ ಮಗಳಿಗೂ ಅವರ ಮೇಲೆ ಸಮ ನಂಬಿಕೆ. ಅವರೆದುರು ಮೈತ್ರೇಯಿ ತನ್ನ ಪಂಥದ ನಿಯಮ ಓದಿಹೇಳಿದಂತೆ ಹೇಳಿದಳು: "ಚೀಲದಾಗಿದ್ದದ್ದಷ್ಟ ತೂಗೋದು. ಹೊಟ್ಟಿಗೆ ಹೋಗೋದು, ಮೈಮ್ಯಾಲೆ ಹಾಕ್ಕೊಂಡದ್ದು, ಎರಡೂ ಲೆಕ್ಕಕ್ಕಿಲ್ಲ. ಜಗತ್ತಿನಾಗ ಎಲ್ಲಾ ಕಡೆ ಹಿಂಗ."

ಆಚಾರ್ಯರು ತಟ್ಟನೆ ತಲೆಯೆತ್ತಿದರು. "ಮೈಮ್ಯಾಲಿದ್ದದ್ದು ಲೆಕ್ಕಕ್ಕಿಲ್ಲ?"

"ಇಲ್ಲ."

"ಇನ್ನೊಮ್ಮೆ ಹೇಳು. ದಾನಯ್ಯನವರ, ನೀವೂ ಕೇಳಿಸ್ಕೊಳ್ರಿ."

ಅವಳು ಇನ್ನೊಮ್ಮೆ ಹೇಳಿದಳು, ಪಾಪ. ಮದುವೆ ಮುಂಜಿವೆಗಳಲ್ಲಿ ಶಾಸ್ತ್ರಕ್ಕೆ ಸಂದು ಹುಡುಕುತ್ತ ಕೂದಲು ನರೆತ ತಂದೆಗೆ ತಾನೇ ಕೈಯಾರೆ ಬಾಗಿಲು ತೆರೆದುಕೊಟ್ಟೆ ಅನ್ನುವುದು ಅವಳಿಗೆ ಆಗ ಹೊಳೆಯಲಿಲ್ಲ.

ಹಾಗೆಂದು ಆಚಾರ್ಯರಿಗೆ ಭಯವಿರಲಿಲ್ಲ ಎಂದಲ್ಲ. ಹೊರಡುವ ಹಿಂದಿನ ದಿನವೆಲ್ಲ ಮಹಡಿ ಕೋಣೆಯ ಬಾಗಿಲಲ್ಲಿ ನಿಂತು ನಿಂತು ನೋಡಿದರು. ಇದು ಹೋದರೆ, ನಾಳೆ ಯಾರಾದರೂ ಏನನ್ನಾದರೂ ಕೇಳಿಕೊಂಡು ಬಂದಾಗ ಬರಿಗೈ ತೋರಿಸಬೇಕಲ್ಲ ಅನ್ನುವ ಸಂಕಟ ಅವರದು. ಆ ಸಂಕಟ ಸುಳ್ಳಲ್ಲ.

ಕಾರ್ತಿಕ ಮುಗಿದು ಯಾತ್ರಿಕರ ಗದ್ದಲ ಇಳಿದಿತ್ತು. ಬೆಳಿಗ್ಗೆ ದಾನಯ್ಯನವರು ಕೊಕ್ಕೆ ಇರುವ ತಕ್ಕಡಿಯೊಂದನ್ನು ತಂದು ಬಾಗಿಲ ಮೊಳೆಗೆ ತೂಗುಹಾಕಿದರು. ಮೈತ್ರೇಯಿಯ ಚೀಲ ಮೂರು ಕಿಲೋ ಚಿಲ್ಲರೆ. ದಾನಯ್ಯನವರದು ಚೀಲವೇ ಅಲ್ಲ, ಹೆಗಲ ಮೇಲೊಂದು ಜೋಳಿಗೆ. ಅದರಲ್ಲಿ ವಿಭೂತಿ ಗಟ್ಟಿ ಮತ್ತು ಒಂದು ಟವೆಲ್ಲು. "ಉಳಿದದ್ದು ಶಿವ ಕೊಡ್ತಾನ," ಎಂದರು. ಆಮೇಲೆ ಮಹಡಿಯಿಂದ ಆಚಾರ್ಯರ ಚೀಲ ಮಾತ್ರ ಹಗ್ಗದಲ್ಲಿ ಇಳಿದು ಬಂತು. ತೂಗಿದರೆ ಎರಡು ಕಿಲೋ ಕೂಡ ಇಲ್ಲ!

"ಅಪ್ಪಾ!" ಮೈತ್ರೇಯಿಯ ಕಣ್ಣಲ್ಲಿ ನೀರೇ ಬಂತು. "ವಾಹ್, ಅಪ್ಪಾ!"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಪಾತ್ರೆ ಅಂಗಡಿ ನಡೆದು ಬರುತ್ತಿರುವ ಸದ್ದಾಯಿತು.

ಆಚಾರ್ಯರು ಮೂರು ಧೋತರ ಒಂದರ ಮೇಲೊಂದು ಉಟ್ಟಿದ್ದರು. ಅದರ ಮೇಲೆ ಪದ್ಮಾಬಾಯಿಯವರ ಹಳೆಯ ಒಂಬತ್ತು ಗಜದ ಸೀರೆಯನ್ನು ನಡುಕಟ್ಟಿನ ಹಾಗೆ ಸುತ್ತಿದ್ದರು. ಹಗ್ಗ ಬೇಕಾದರೆ ಅದೇ ಹಗ್ಗ. ಸ್ವೆಟರು ಎರಡು, ಶಾಲು ಎರಡು, ಮಂಕಿ ಕ್ಯಾಪು ಒಂದು. ಹೊಟ್ಟೆಯ ಮೇಲೆ ರಬ್ಬರ್ ಚೀಲ, ಸೊಂಟದಲ್ಲಿ ತಾಮ್ರದ ತಂಬಿಗೆ, ಕಾಲುಚೀಲದೊಳಗೆ ಟಾರ್ಚು, ಬೆನ್ನ ಹಿಂದೆ ಕಾಲರಿಗೆ ಸಿಕ್ಕಿಸಿದ ಬಟನ್ ಛತ್ರಿ. ಜನಿವಾರಕ್ಕೆ ಬೀಗದಕೈ ಕಟ್ಟಿಕೊಳ್ಳುವುದು ಹಿರಿಯರಿಂದ ಬಂದ ಪದ್ಧತಿ. ಆಚಾರ್ಯರು ಪದ್ಧತಿಯನ್ನು ಬೆಳೆಸಿದ್ದರು. ಅಲ್ಲಿ ಬೀಗದಕೈಗಳ ಜೊತೆ ಪಿನ್ನು, ಪುಟ್ಟ ಕತ್ತರಿ, ಉಗುರು ಕತ್ತರಿ, ಸೀಟಿ, ಸೂಜಿ-ದಾರದ ಡಬ್ಬಿ ಎಲ್ಲವೂ ಗೊಂಚಲಾಗಿ ತೂಗುತ್ತಿದ್ದವು.

"ಏನ್ರೀ ಇದು ವೇಷ!" ಎಂದರು ಪದ್ಮಾಬಾಯಿ. "ಗೋದಾಮು ಹೊಂಟಂಗದ!"

"ಮೈಮ್ಯಾಲಿದ್ದದ್ದು ಲೆಕ್ಕಕ್ಕಿಲ್ಲ," ಎಂದರು ಆಚಾರ್ಯರು ಶಾಂತವಾಗಿ, ಕ್ಯಾಪಿನ ಕಿಂಡಿಯಿಂದ.

ಮೈತ್ರೇಯಿ ಪಂಚರ ಮುಖ ನೋಡಿದಳು. ಪಂಚರು ತಲೆ ಕೆರೆದುಕೊಂಡು, "ನಿಯಮ ನಿಂದ ಅಲ್ಲೇನವಾ?" ಎಂದರು. ಮಾಡಿದ್ದುಣ್ಣೋ ಮಹರಾಯ ಅನ್ನುವ ಹಾಗಾಯಿತು ಹುಡುಗಿಯ ಪಾಡು.

ಸೋನಾರ್‌ಪುರದ ರಸ್ತೆಯಲ್ಲಿ ಈ-ರಿಕ್ಷಾದವನು ಇವರನ್ನು ಮೇಲಿಂದ ಕೆಳಗೆ ನೋಡಿ, "ಬಾಬಾ ಅಕೇಲೇ ತೀನ್ ಸವಾರಿ ಹೈಂ" ಎಂದು, ಅವರೊಬ್ಬರಿಗೇ ಮೂವರ ಬಾಡಿಗೆ ಕೇಳಿ ಹಟ ಹಿಡಿದ. ಆಚಾರ್ಯರು ಅವನಿಗೂ ನಿಯಮ ವಿವರಿಸಿದರು. ಅವನು ಆ ಪಂಥದವನಲ್ಲ. ಕೊನೆಗೆ ದಾನಯ್ಯನವರು ಡ್ರೈವರನ ಪಕ್ಕ ಅರ್ಧ ಕುಂಡೆ ಊರಿ ಕೂತರು, ಮೈತ್ರೇಯಿ ಮೂಲೆಗೆ ಒತ್ತಿಕೊಂಡಳು, ಉಳಿದ ಜಾಗವನ್ನೆಲ್ಲ ಆಚಾರ್ಯರು ತುಂಬಿದರು. ಬಸ್ಸು ಹಿಡಿದು ಚುನಾರ್ ದಾಟಿ, ಗುಡ್ಡದ ಬುಡದ ಹಳ್ಳಿಯಲ್ಲಿ ಇಳಿದಾಗ ಮಧ್ಯಾಹ್ನ. ಹಳ್ಳಿಯ ನಾಯಿಗಳು ಆಚಾರ್ಯರನ್ನು ಮಾತ್ರ ಬೊಗಳಿದವು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಹತ್ತಲು ಶುರುಮಾಡಿದ ಮೇಲೆ ಗೊತ್ತಾಗುವುದು ಕಲ್ಲೆಷ್ಟು ಮುಳ್ಳೆಷ್ಟು ಎಂದು. ಮೈತ್ರೇಯಿ ಮೇಕೆಯ ಹಾಗೆ ಮುಂದೆ. ಅವಳ ಹಿಂದೆ ಆಚಾರ್ಯರು, ಹೆಜ್ಜೆಹೆಜ್ಜೆಗೂ ಠಣ್ ಠಣ್ ಸದ್ದು ಮಾಡುತ್ತ. ಬಾಲದಲ್ಲಿ ದಾನಯ್ಯನವರು, ಜೋಳಿಗೆ ಬೀಸುತ್ತ, ಪದ್ಮಾಬಾಯಿ ಕೊಟ್ಟ ಶೇಂಗಾ ಉಂಡಿ ಮೆಲ್ಲುತ್ತ. ಬಿಸಿಲು ನೆತ್ತಿಯ ಮೇಲೆ. ಎರಡು ಸ್ವೆಟರಿನೊಳಗೆ ಆಚಾರ್ಯರು ಹಬೆಯಲ್ಲಿಟ್ಟ ಕಡಬಿನ ಹಾಗೆ ಬೇಯುತ್ತಿದ್ದರು.

"ಅಗಸ್ತ್ಯ ಮುನಿಗಳು ಈ ವಿಂಧ್ಯನ್ನ ತಗ್ಗಿಸಿದರಂತ," ಎಂದು ಏದುಸಿರುಬಿಟ್ಟರು. "ಇನ್ನೊಂದು ಸ್ವಲ್ಪ ತಗ್ಗಿಸಬೇಕಾಗಿತ್ತು."

"ಅಗಸ್ತ್ಯರೂ ಕಾಶಿಯಿಂದನ ಹೊಂಟವರು ಅಪ್ಪಾ," ಎಂದಳು ಮೈತ್ರೇಯಿ ಮೇಲಿನಿಂದ. "ಕೈಯಾಗ ಬರೇ ಒಂದು ಕಮಂಡಲ."

ಆಚಾರ್ಯರಿಗೆ ಉತ್ತರ ಗೊತ್ತಿತ್ತು, ಉಸಿರಿರಲಿಲ್ಲ.

ಬೆಟ್ಟದ ನೆತ್ತಿ ಇನ್ನೇನು ಬಂತು ಅನ್ನುವಾಗ ಎರಡು ದೊಡ್ಡ ಬಂಡೆಗಳ ನಡುವೆ ಒಂದು ಸಂದು. ಬೇರೆ ದಾರಿಯಿಲ್ಲ. ಮೈತ್ರೇಯಿ ಚೀಲವನ್ನು ತಲೆಯ ಮೇಲಿಟ್ಟು ಅಡ್ಡಡ್ಡ ಸರಿದು ಆಚೆ ಹೋದಳು. ಆಚಾರ್ಯರು ಎದೆಯುಬ್ಬಿಸಿ ನುಗ್ಗಿದರು. ಅರ್ಧ ಹೋದರು. ಆಮೇಲೆ ಹೋಗಲಿಲ್ಲ, ಬರಲೂ ಇಲ್ಲ.

"ಜಗ್ಗು!" ಎಂದರು. ಮೈತ್ರೇಯಿ ಜಗ್ಗಿದಳು. "ದೂಡ್ರಿ!" ಎಂದರು. ದಾನಯ್ಯನವರು ಉಂಡಿಯನ್ನು ಪೂರ್ತಿ ಬಾಯಿಗೆ ಹಾಕಿಕೊಂಡು, ಎರಡೂ ಕೈಯಿಂದ ದೂಡಿದರು. ತಂಬಿಗೆ ನೆಗ್ಗಿತು. ರಬ್ಬರ್ ಚೀಲ ಕರುವಿನ ಹಾಗೆ ಅಂಬಾ ಅಂದಿತು. ಕರಿಮೂತಿಯ ಮುಸಿಯ ಕೋತಿಯೊಂದು ಬಂಡೆಯ ಮೇಲೆ ಬಂದು ಕೂತು, ಗದ್ದಕ್ಕೆ ಕೈ ಹಚ್ಚಿ ಈ ಸೇವೆಯನ್ನು ನೋಡತೊಡಗಿತು.

"ಬಿಚ್ಚಬೇಕಾಗ್ತದ ಆಚಾರ್ರ," ಎಂದರು ದಾನಯ್ಯನವರು.

"ಬಿಚ್ಚಂಗಿಲ್ಲ!"

"ಹಂಗಾರ ನಾ ಹಿಂದಿನ ಕಡೆ ಮಲಕೋತೀನಿ, ನಿಮ್ಮ ಮಗಳು ಮುಂದಿನ ಕಡೆ ಮಲಕೋತಾಳ. ನಡುವ ನೀವಿರ್ರಿ."

ಬೇರೆ ಗತಿಯಿರಲಿಲ್ಲ. ಮೊದಲು ಛತ್ರಿ ಹೋಯಿತು, ಆಮೇಲೆ ಮಂಕಿ ಕ್ಯಾಪು, ಶಾಲು, ಸ್ವೆಟರು, ಇನ್ನೊಂದು ಶಾಲು, ಇನ್ನೊಂದು ಸ್ವೆಟರು, ತಂಬಿಗೆ, ರಬ್ಬರ್ ಚೀಲ. ಒಂದೊಂದನ್ನೂ ಹಿಂದಕ್ಕೆ ಚಾಚಿದಂತೆಲ್ಲ ದಾನಯ್ಯನವರು ಇಸಿದುಕೊಂಡು, ನೆಲದ ಮೇಲಿಟ್ಟರೆ ಮುಳ್ಳು ಹತ್ತೀತು ಎಂಬ ಕಾಳಜಿಯಿಂದ, ತಾವೇ ಹಾಕಿಕೊಂಡರು. ಒಂಬತ್ತು ಗಜದ ಸೀರೆ ಬಿಚ್ಚಲು ಆಚಾರ್ಯರು ನಿಂತಲ್ಲೇ ಬುಗುರಿಯಂತೆ ತಿರುಗಬೇಕಾಯಿತು. ಕೊನೆಗೆ ಒಂದು ಧೋತರ, ಒಂದು ತೆಳು ಅಂಗಿಯಲ್ಲಿ ಅವರು ಪುಳಕ್ಕನೆ ಆಚೆ ಬಿದ್ದರು. ಜನಿವಾರದ ಗೊಂಚಲೊಂದು ಅವರ ಹತ್ತಿರವೇ ಉಳಿಯಿತು. ದಾನಯ್ಯನವರ ಕೊರಳಲ್ಲಿ ಆಗಲೇ ಲಿಂಗದ ಕರಡಿಗೆ ಇದ್ದದ್ದರಿಂದ ಅಲ್ಲಿ ಜಾಗವಿರಲಿಲ್ಲ. ದಾನಯ್ಯನವರು ಕಡ್ಡಿಯಂಥ ಆಳು. ಅಷ್ಟೂ ತೊಟ್ಟುಕೊಂಡು ಸಂದಿನಲ್ಲಿ ಸರಾಗವಾಗಿ ದಾಟಿಬಂದರು.

ಸೂರ್ಯ ಮುಳುಗಿದ್ದೇ ತಡ, ಚಳಿ ಎದ್ದಿತು. ವಿಂಧ್ಯದ ಮೇಲಿನ ಗಾಳಿಗೆ ಗುರುತು ಪರಿಚಯ ಯಾವುದೂ ಇಲ್ಲ, ನೇರ ಎಲುಬಿಗೇ ಬರುತ್ತದೆ. ಮೈತ್ರೇಯಿ ತನ್ನ ಕೋಲು ನೆಟ್ಟು ಟೆಂಟು ಎಬ್ಬಿಸಿದಳು, ಅಂಗೈಯಗಲದ ಒಲೆಯಲ್ಲಿ ನೀರು ಕಾಯಿಸಿ ಹುಳಿಪುಡಿ ಅವಲಕ್ಕಿ ಕಲಸಿದಳು. ಆಚಾರ್ಯರ ಹಲ್ಲು ಕಟಕಟ ಅನ್ನುತ್ತಿದ್ದವು. ಎದುರಿಗೆ ದಾನಯ್ಯನವರು ಎರಡು ಸ್ವೆಟರು, ಎರಡು ಶಾಲು, ಮಂಕಿ ಕ್ಯಾಪಿನಲ್ಲಿ ಬೆಚ್ಚಗೆ ಕುಳಿತು, ಹೊಟ್ಟೆಯ ಮೇಲಿನ ರಬ್ಬರ್ ಚೀಲಕ್ಕೆ ಬಿಸಿನೀರು ಹಾಕಿಸಿಕೊಳ್ಳುತ್ತಿದ್ದರು.

"ದಾನಯ್ಯನವರ," ಎಂದರು ಆಚಾರ್ಯರು ಮೆಲ್ಲಗೆ. "ಇನ್ನ ಕೊಡ್ರಿ ಅವನ್ನ."

"ಯಾವು?"

"ಮೈಮ್ಯಾಲಿನವು."

"ಮೈಮ್ಯಾಲಿದ್ದದ್ದು ಲೆಕ್ಕಕ್ಕಿಲ್ಲ ಆಚಾರ್ರ. ಲೆಕ್ಕಕ್ಕ ಇಲ್ಲದ್ದನ್ನ ಹ್ಯಾಂಗ ಹೊಳ್ಳಿ ಕೊಡೂದು?" ದಾನಯ್ಯನವರು ನಿಜವಾಗಿ ವ್ಯಥೆಪಟ್ಟವರಂತೆ ಕಂಡರು. "ನೀವು ಬರ್ತೀರಂತ ಗೊತ್ತಾದ ಮ್ಯಾಲೆ ನಾ ಏನೂ ತರಲಿಲ್ಲ. ನಿಮ್ಮನ್ನ ನಂಬೇ ಬಂದೀನಿ."

ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ. ಆಚಾರ್ಯರಿಗೆ ಅಳುವಷ್ಟು ಸಿಟ್ಟು ಬಂತು. ಬಾಯಿತುದಿಗೆ ಬಂದ ಮಾತು ಒಂದೇ: ಒಂದು ಶಾಲಾದರೂ ಇದ್ದಿದ್ರ! ಮೈತ್ರೇಯಿ ಚಮಚ ಹಿಡಿದವಳು ಹಾಗೆಯೇ ನಿಂತು ಅವರ ತುಟಿಯನ್ನೇ ನೋಡುತ್ತಿದ್ದಳು. ಮಹಡಿ ಕೋಣೆ ಕಣ್ಣ ಮುಂದೆ ಬಂತು. ಆಚಾರ್ಯರು ಮಾತನ್ನು ನುಂಗಿದರು.

"ಶಾಲು ಅನ್ನೋದು," ಎಂದರು, "ಮನುಷ್ಯ ಕಂಡುಹಿಡಿದದ್ದರಾಗ ಬಹಳ ಉತ್ತಮ ವಸ್ತು. ಸುಮ್ಮನ ವಿಚಾರ ಬಂತು. ಹೇಳಿದೆ."

"ಮತ್ತೇನರ ಅನ್ನೋದದ ಏನಪ್ಪಾ?"

"ಏನಿಲ್ಲ. ಹವಾ ಹಿತ ಅದ."

ಮೈತ್ರೇಯಿಗೆ ನಗು ತಡೆಯಲಾಗಲಿಲ್ಲ. ತನ್ನ ಚೀಲದಿಂದ ಮುಷ್ಟಿಗಾತ್ರದ ಒಂದು ಗಂಟು ತೆಗೆದು ಅವರ ಮೇಲೆ ಕೊಡವಿದಳು. ಅದು ಅರಳಿ ಅರಳಿ ಮೈತುಂಬ ಹರಡಿಕೊಂಡಿತು. ಅವಳೇ ಹೊಲಿದ ರಜಾಯಿ. ಇದ್ದೂ ಇಲ್ಲದಂಥ ತೂಕ.

"ಇದೇನು ಕೌದಿನೋ ಜೇಡರ ಬಲಿನೋ? ಇದರಾಗ ಚಳಿ ಹೋಗ್ತದೇನು?" ಎಂದರು ಆಚಾರ್ಯರು. ಮುಂದಿನ ಮಾತು ಗೊರಕೆ.

ಬೆಳಗಿನ ಜಾವಕ್ಕೆ ಅನಾಹುತವಾಯಿತು. ದಾನಯ್ಯನವರು ಛತ್ರಿಯನ್ನೂ ಕಾಲರಿಗೆ ಸಿಕ್ಕಿಸಿಕೊಂಡೇ ಮಲಗಿದ್ದರು. ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗ ಬೆನ್ನ ಕೆಳಗಿನ ಬಟನ್ ಒತ್ತಿತು. ಟಪ್ ಎಂದು ಛತ್ರಿ ಟೆಂಟಿನೊಳಗೇ ಬಿಚ್ಚಿಕೊಂಡು, ಪರ್‍ರ್ ಎಂದು ಒಂದು ಪಕ್ಕವನ್ನು ಸೀಳಿಬಿಟ್ಟಿತು. ಮೂವರೂ ಹೌಹಾರಿ ಎದ್ದಾಗ ಸೀಳಿನಿಂದ ನಿನ್ನೆಯ ಅದೇ ಮುಸಿಯ ಒಳಗೆ ಇಣುಕಿ ನೋಡುತ್ತಿತ್ತು.

ಮೈತ್ರೇಯಿ ಟೆಂಟನ್ನು ಹೊರಗೆ ಎಳೆದು ಮಡಿಲಲ್ಲಿ ಹಾಕಿಕೊಂಡಳು. ಮೂಡಲಲ್ಲಿ ಕೆಂಪೇರುತ್ತಿತ್ತು, ಗಾಳಿ ಬಟ್ಟೆಯನ್ನು ಕಿತ್ತುಕೊಳ್ಳಲು ನೋಡುತ್ತಿತ್ತು. "ಅರೇ ಯಾರ್! ಗಾಳಿಗೆ ಪೂರಾ ಹರೀತದ ಈಗ. ಒಂದು ಸೂಜಿ ಇದ್ದಿದ್ರ..."

"ಅಂದಿ!" ಆಚಾರ್ಯರು ಜಿಗಿದೆದ್ದರು. "ನೀನ ಅಂದಿ! ದಾನಯ್ಯನವರ, ಕೇಳಿದ್ರಿಲ್ಲೋ?"

"ನಿಯಮ ನಿಮಗ, ಆಕಿಗಲ್ಲ," ಎಂದರು ಪಂಚರು ಛತ್ರಿ ಮುಚ್ಚಲು ಒದ್ದಾಡುತ್ತ. "ಆದ್ರ ಕೂಸ, ಸೂಜಿನೂ ಭಾರ ಆತೇನು ನಿನಗ?"

ಮೈತ್ರೇಯಿ ಕೆಂಪಾದಳು. "ಬಿಟ್ಟು ಬಂದೆ. ಒಂದೊಂದು ಗ್ರಾಮೂ ಕೂಡ್ತದ..."

ಆಹಾ, ಆಚಾರ್ಯರ ಬದುಕಿನಲ್ಲಿ ಕನ್ನಡಕದ ಡಬ್ಬಿಯ ನಂತರ ಬಂದ ದೊಡ್ಡ ಗಳಿಗೆ ಇದು! ಅಂಗಿಯ ಕೊರಳಿಗೆ ಕೈಹಾಕಿ, ಜನಿವಾರದ ಗೊಂಚಲು ಎಳೆದು, ಬೀಗದಕೈ ಸೀಟಿಗಳ ನಡುವಿನಿಂದ ಸೂಜಿ-ದಾರದ ಡಬ್ಬಿ ಬಿಡಿಸಿ, ದೇವರ ಮುಂದೆ ಆರತಿ ಎತ್ತಿದ ಹಾಗೆ ಮಗಳ ಮುಂದೆ ಹಿಡಿದರು. "ಬೇಕಾಗ್ತದ ಅಂದಿದ್ನಿಲ್ಲೋ? ಹೇಳು ಈಗ! ಬೇಕಾತೋ ಇಲ್ಲೋ?"

"ಬೇಕಾತು ಅಪ್ಪಾ," ಎಂದಳು ಮೈತ್ರೇಯಿ ಸಣ್ಣ ದನಿಯಲ್ಲಿ.

ಗೆದ್ದಂತೆಯೇ ಸರಿ. ರಾತ್ರಿ ಕಳೆಯಿತು, ಇನ್ನು ಇಳಿದು ಬಸ್ಸು ಹತ್ತುವುದಷ್ಟೇ. ಆಚಾರ್ಯರು ರಾಜಗಾಂಭೀರ್ಯದಿಂದ ಮಗಳ ಎದುರು ಕುಳಿತು, ಗಾಳಿಗೆ ಹಾರದಂತೆ ಬಟ್ಟೆಯ ಅಂಚು ಹಿಡಿದುಕೊಂಡರು. ಮೈಮೇಲೆ ಇನ್ನೂ ರಜಾಯಿ ಇತ್ತು. ಕೂತು ಕೂತು ಅದರ ಹೊಲಿಗೆಯನ್ನು ನೋಡಿದರು. ದಾರ ಗೆರೆ ಎಳೆದಂತೆ ನೆಟ್ಟಗೆ ಹೋಗುತ್ತದೆ. ಒಂದು ಕಡೆ ತಟ್ಟನೆ ಸೊಟ್ಟಗಾಗಿ, ಗಂಟು ಬಿದ್ದು, ಮತ್ತೆ ನೆಟ್ಟಗಾಗುತ್ತದೆ. ಸ್ವಲ್ಪ ದೂರ ಹೋಗಿ ಮತ್ತೆ ಸೊಟ್ಟ. ಗೆದ್ದವರಿಗೆ ತಪ್ಪು ತೋರಿಸುವ ಚಪಲ ಇರುತ್ತದೆ.

"ಇಷ್ಟು ಚಂದ ಹೊಲದು ಇಲ್ಲ್ಯಾಕ ಸೊಟ್ಟ ಮಾಡೀ?"

ಮೈತ್ರೇಯಿ ತಲೆಯೆತ್ತದೆ ಓರೆಗಣ್ಣಲ್ಲಿ ನೋಡಿದಳು. "ಅದಾ? ಅಲ್ಲಿ ಬಾಗಲಕೋಟಿ ಪಾರ್ಟಿ ಬಂತು. ಮಷೀನ್ ಎತ್ತಿದೆ."

"ಇದು?"

"ಸೊಲ್ಲಾಪುರದವರು. ಕಾಲು ತೊಳಕೋವಾಗ ಬಟ್ಟಿ ಮ್ಯಾಲೆ ನೀರು ಚೆಲ್ಲಿದ್ರು. ಒಣಗಿಸಿ ಮತ್ತ ಕೂತೆ."

"ಮತ್ತ ಇಲ್ಲಿ? ಇಲ್ಲಿ ಭಾಳ ಸೊಟ್ಟ ಆಗ್ಯದ."

ಅವಳು ಹಲ್ಲಿನಿಂದ ದಾರ ಕಡಿದಳು. "ಅದು ನೀವು ಅಪ್ಪಾ. ಒಂಟಿ ಚಪ್ಪಲಿ ಸಿಕ್ಕದ, ಮ್ಯಾಲೆ ಒಯ್ದಿಡು ಅಂತ ಕರದ್ರಿ." ದೂರುವ ದನಿಯಲ್ಲಿ ಅಲ್ಲ, ನಿನ್ನೆ ಮಳೆ ಬಂದಿತ್ತು ಅನ್ನುವ ಹಾಗೆ ಹೇಳಿ, ಮತ್ತೆ ಸೂಜಿ ಪೋಣಿಸಿದಳು.

ಆಚಾರ್ಯರು ಬೆರಳಿನಿಂದ ಆ ಗಂಟನ್ನು ಸವರಿದರು. ಇನ್ನೊಂದನ್ನೂ ಸವರಿದರು. ರಾತ್ರಿಯಿಡೀ ತಮ್ಮನ್ನು ಬೆಚ್ಚಗಿಟ್ಟ ಬಟ್ಟೆಯ ಉದ್ದಕ್ಕೂ ಅಂಥ ಗಂಟುಗಳಿದ್ದವು. ಎದುರಿಗೆ ಮಗಳು ಮೊಣಕಾಲನ್ನೇ ಮೇಜು ಮಾಡಿಕೊಂಡು, ಗಾಳಿಗೆ ಬೆನ್ನು ಕೊಟ್ಟು, ಬೆರಳಿಗೆ ಸೂಜಿ ಚುಚ್ಚಿಕೊಂಡು ಚೀಪುತ್ತಿದ್ದಳು. ಅವರಿಗೆ ತಡೆಯಲಾಗಲಿಲ್ಲ.

"ಅಯ್ಯ ನನ್ನ ಕೂಸ," ಎಂದುಬಿಟ್ಟರು, "ನಿನಗ ನೆಟ್ಟಗ ಕೂಡ್ಲಿಕ್ಕೆ ಒಂದು ಕೋಣಿ ಇದ್ದಿದ್ರ..."

ಸೂಜಿ ನಿಂತಿತು. ಛತ್ರಿಯ ಒದ್ದಾಟ ನಿಂತಿತು. ಮುಸಿಯ ಕೂಡ ಕೆರೆದುಕೊಳ್ಳುವುದನ್ನು ನಿಲ್ಲಿಸಿತು.

"ಆಚಾರ್ರ," ಎಂದರು ದಾನಯ್ಯನವರು ಪಿಸುದನಿಯಲ್ಲಿ, "ಅಂದ್ರಿ."

ಆಚಾರ್ಯರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಮೈತ್ರೇಯಿಯ ಕಣ್ಣು ತುಂಬಿತ್ತು. "ಇಲ್ಲಪ್ಪಾ, ಅದು ತಪ್ಪಿ ಬಂದ ಮಾತು. ನಾ ಹಿಡಿಯೂದಿಲ್ಲ. ಛೋಡೋ."

ದಾನಯ್ಯನವರಿಗೂ ಮನಸ್ಸು ಕರಗಿತು. ಗೆಳೆಯನ ಎರಡು ಸ್ವೆಟರು ಮೈಮೇಲಿದ್ದಾಗ ಕಟುವಾಗಿ ತೀರ್ಪು ಕೊಡುವುದು ಯಾರಿಗಾದರೂ ಕಷ್ಟ. "ನೋಡ್ರಿ, ಇದಕ್ಕ ಸಂದು ಅದ. ನಿಯಮ ಇದ್ದದ್ದು ಸಾಮಾನಿನ ಬಗ್ಗೆ. ಕೋಣಿ ಸಾಮಾನಲ್ಲ. ಚೀಲದಾಗ ಹಿಡಿಯೂದಿಲ್ಲ. ಅದಕ್ಕ, ಆಚಾರ್ರು ಸೋತಿಲ್ಲ ಅಂತ..."

ಎಂಥ ಸಂದು! ಆಚಾರ್ಯರೇ ಹುಡುಕಿದ್ದರೂ ಇದಕ್ಕಿಂತ ಚೊಕ್ಕದ್ದು ಸಿಗುತ್ತಿರಲಿಲ್ಲ. ಅವರು ಆ ಸಂದನ್ನು ಒಮ್ಮೆ ಆಸೆಯಿಂದ ನೋಡಿದರು. ನಿನ್ನೆ ಸಿಕ್ಕಿಹಾಕಿಕೊಂಡ ಇನ್ನೊಂದು ಸಂದು ನೆನಪಾಯಿತೋ ಏನೋ, ತಲೆ ಅಲ್ಲಾಡಿಸಿದರು.

"ಬ್ಯಾಡ ದಾನಯ್ಯನವರ. ಅಂದದ್ದು ಅಂದಂಗ. ಕೋಣಿ ಆಕಿದು." ಆಮೇಲೆ ಮೂಗೊರಸಿಕೊಂಡು, "ಆದ್ರ ಸ್ವೆಟರ್ ನಂದು. ಬಿಚ್ಚ್ರಿ ಇನ್ನ" ಎಂದರು.

ಕೋಣೆ ಖಾಲಿ ಮಾಡುವುದೇನೂ ಸುಲಭದ ಮಾತಾಗಿರಲಿಲ್ಲ. ಆದರೆ ಆಚಾರ್ಯರ ತಲೆ ಸುಮ್ಮನಿರುವಂಥದ್ದೇ? ಮುಂದಿನ ಯಾತ್ರಿಕರ ಗುಂಪಿಗೆ ದಶಾಶ್ವಮೇಧದ ಮೆಟ್ಟಿಲ ಮೇಲೆ ಹೊಸ ವಿಧಿ ಘೋಷಿಸಿದರು: ಕಾಶಿಗೆ ಬಂದವರು ಒಂದು ಬಿಡಬೇಕು, ಒಂದು ಒಯ್ಯಬೇಕು. ಬಿಟ್ಟವರ ಕೈಗೆಲ್ಲ ಒಂದೊಂದು ಛತ್ರಿ, ಮಂಕಿ ಕ್ಯಾಪು, ಮುಚ್ಚಳ ಬಂದು ಕೂತವು. "ಇದು ಯಾವ ಪುರಾಣದಾಗ ಬರ್ತದ್ರೀ?" ಎಂದು ಗದಗಿನ ಒಬ್ಬರು ಅನುಮಾನಿಸಿದಾಗ, "ಹೇಳಲಿಕ್ಕೆ ಹೊತ್ತಿಲ್ಲ, ನಿಮ್ಮ ಟ್ರೇನ್ ಹೋಗ್ತದ" ಎಂದು ಅವರಿಗೆ ಎರಡು ಛತ್ರಿ ಕೊಟ್ಟರು. ರಬ್ಬರ್ ಚೀಲ ದಾನಯ್ಯನವರಲ್ಲೇ ಉಳಿಯಿತು. ಇವರು ಕೇಳಲಿಲ್ಲ, ಅವರು ಕೊಡಲಿಲ್ಲ.

ಒಂಟಿ ಚಪ್ಪಲಿಗಳನ್ನು ಮಾತ್ರ ಯಾರೂ ಒಯ್ಯಲಿಲ್ಲ. ಹಲ್ಲಿನ ಸೆಟ್ಟನ್ನೂ ಒಯ್ಯಲಿಲ್ಲ. ಅವನ್ನೆಲ್ಲ ಆಚಾರ್ಯರು ಎರಡು ಬುಟ್ಟಿಗಳಲ್ಲಿ ತುಂಬಿ, ಮಷೀನು ಇದ್ದ ಜಾಗದಲ್ಲಿ, ಮೆಟ್ಟಿಲ ಕೆಳಗೆ, ನಲ್ಲಿಯ ಪಕ್ಕ ಇಟ್ಟುಕೊಂಡಿದ್ದಾರೆ. ಈಗ ಯಾತ್ರಿಕರು ಕಾಲು ತೊಳೆಯಲು ಬಂದಾಗಲೆಲ್ಲ ಅವರೇ ಜಪ ಬಿಟ್ಟು ಎದ್ದು, ಬುಟ್ಟಿ ಎತ್ತಿ ಸರಿಸಬೇಕು, ಹೋದಮೇಲೆ ಮತ್ತೆ ಇಳಿಸಬೇಕು. ಮೊನ್ನೆ ಒಂದೇ ಬೆಳಿಗ್ಗೆ ಮೂರು ಗುಂಪು ಬಂತು. ಸೊಂಟ ಹಿಡಿದುಕೊಂಡು ನಿಂತವರನ್ನು ಕಂಡು ಪದ್ಮಾಬಾಯಿ, "ಇನ್ನೂ ಯಾಕ್ರೀ ಅವು?" ಎಂದರು. ಆಚಾರ್ಯರು ಮತ್ತೆ ಬುಟ್ಟಿ ಎತ್ತಿದರು. ಮೇಲೆ ಕೋಣೆಯಲ್ಲಿ ಮಷೀನು ಓಡುತ್ತಿತ್ತು. ಅವರು ಬುಟ್ಟಿ ಹಿಡಿದುಕೊಂಡೇ ನಿಂತು ಕೇಳಿದರು. ಯಾತ್ರಿಕರು ಬಂದರು, ಕಾಲು ತೊಳೆದರು, ಹೋದರು. ಮಷೀನು ನಿಲ್ಲಲಿಲ್ಲ.